ನೊಗ ಇಳಿಸಿದ ಮೋಟಾರು

ಮೋಟಾರಿನ ಬಲ್ಬಿಗೂ ಅವಮಾನವಾಗುತ್ತದೆ, ಅವಮಾನಗೊಂಡ ಬಲ್ಬು ಉರಿಯಲು ನಿರಾಕರಿಸುತ್ತದೆ ಎಂದು ನಂಬಿದ್ದ ವ್ಯಕ್ತಿಯನ್ನು ನೀವು ಎಂದಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಅವರ ಕೈಯ ರೊಟ್ಟಿ ತಿಂದು ಬದುಕಿದ್ದೇನೆ. ಅವರು ನನ್ನ ಸೋದರತ್ತೆ. ಶಹಾಬಾದಿನ ಜನ ಅವರನ್ನು ‘ತಿಕ್ಕಲು’ ಎನ್ನುತ್ತಿದ್ದರು. ಆ ಮಾತನ್ನು ನಾನು ಅಂದೂ ಖಂಡಿಸಿದೆ, ಇಂದೂ ಖಂಡಿಸುತ್ತೇನೆ. ಅದೇ ಕೆಲಸವನ್ನು ಗಂಡಸು ಮಾಡಿದರೆ ಛಲಗಾರ, ಹೆಂಗಸು ಮಾಡಿದರೆ ತಿಕ್ಕಲು! ಇದು ಯಾವ ನ್ಯಾಯ? ಆದರೆ ಸತ್ಯಕ್ಕೆ ಅಪಚಾರ ಮಾಡಬಾರದೆಂದು ನನ್ನ ಶಾಲೆಯಲ್ಲಿ ಕಲಿಸಿದ್ದರಿಂದ ಇಷ್ಟು ಒಪ್ಪಿಕೊಳ್ಳುತ್ತೇನೆ: ಸ್ವಲ್ಪ ತಿಕ್ಕಲೂ ಇತ್ತು.

ನನ್ನ ಶಾಲೆಯ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಹುಡುಗರೂ ಹುಡುಗಿಯರೂ ಒಂದೇ ಚಾಪೆಯ ಮೇಲೆ ಕೂತು ಕಲಿಯುತ್ತಿದ್ದ, ಪ್ರಶ್ನೆ ಕೇಳದವರನ್ನು ದಡ್ಡರೆಂದು ಕರೆಯುತ್ತಿದ್ದ ಶಾಲೆ ಅದು. ತಪ್ಪು ಕಂಡಲ್ಲಿ ಅದರ ಹೆಸರು ಹಿಡಿದು ಕೂಗಬೇಕೆಂಬುದು ಅಲ್ಲಿಯ ಗುರುಗಳ ಉಪದೇಶ. ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ಆ ದಿನಗಳಲ್ಲಿ ನಾನು ಶಹಾಬಾದಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದು ಅತ್ತೆಯ ಮನೆಯಲ್ಲಿ ಉಳಿದೆ. ಊರಿನಲ್ಲಿ ತಪ್ಪುಗಳಿಗೇನೂ ಕೊರತೆ ಇರಲಿಲ್ಲ. ಕೂಗುವುದಕ್ಕೆ ನನ್ನ ಬಳಿ ಇದ್ದ ಗಂಟಲು ಮಾತ್ರ ಒಂದೇ. ಹಗಲು ಶಾಲೆಯಲ್ಲಿ ಕೂಗುತ್ತಿದ್ದೆ, ಸಂಜೆ ಮಹಿಳಾ ಮಂಡಳದ ಸಭೆಯಲ್ಲಿ ಕೂಗುತ್ತಿದ್ದೆ. ವಿಷಯ: ಶ್ರಮಜೀವಿ ಮಹಿಳೆಯರ ಉದ್ಧಾರ. ಸಭೆಗೆ ಬರುತ್ತಿದ್ದವರು: ಶ್ರಮಪಡುವ ಅಗತ್ಯವಿಲ್ಲದ ಮಹಿಳೆಯರು.

ಅತ್ತೆಗೆ ಮೋಟಾರು ಬಂದದ್ದು ತೀರಿಹೋದ ಮಾವನಿಂದ. ಮಾವ ವಕೀಲರು; ಆದರೆ ಹುಟ್ಟಿದ್ದು ಆಡಕಿ ಎಂಬ ಊರಿನ ಕಡೆಯ ಒಕ್ಕಲು ಮನೆಯಲ್ಲಿ. ಹೀಗಾಗಿ ಕಾನೂನು ಅವರ ತಲೆಯಲ್ಲಿತ್ತು, ಎತ್ತು ಅವರ ಎದೆಯಲ್ಲಿತ್ತು. ಬೇಸಿಗೆಯಲ್ಲಿ ಬತ್ತಿದ ಕಾಗಿಣಾ ಹೊಳೆಯ ಮರಳಿನಲ್ಲಿ ಅವರು ಅತ್ತೆಗೆ ಗಾಡಿ ನಡೆಸಲು ಕಲಿಸಿದರು. ಮರಳಿನಲ್ಲಿ ಕಲಿತದ್ದರಿಂದಲೋ ಏನೋ, ಮೊದಲನೆಯ ಗೇರಿನಾಚೆ ಬೇರೆ ಗೇರುಗಳೂ ಇವೆ ಎಂಬುದನ್ನು ಅತ್ತೆ ಎಂದೂ ನಂಬಲಿಲ್ಲ. ಫರಸಿ ಕಲ್ಲು ಹೇರಿದ ಎತ್ತಿನ ಬಂಡಿಗಳು ಅವರನ್ನು ಹಿಂದೆ ಹಾಕಿ ಹೋಗುವಾಗ ಬಂಡಿಯವರು ತಿರುಗಿ ನೋಡಿ, “ಯಾಕ್ರಿ ಬಾಯಾರ, ಗಾಡಿ ಬಸುರಿ ಅದ ಏನ್ರಿ?” ಎಂದು ಕೇಳುತ್ತಿದ್ದರು. “ಹೌದಪ್ಪ, ನಿನ್ನಂಥದ್ದೇ ಒಂದು ಹುಟ್ಟತದಂತ ಅಂಜಿಕಿ” ಎಂದು ಅತ್ತೆ ಉತ್ತರಿಸುತ್ತಿದ್ದರು.

ಹಾರ್ನನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ದಾರಿಗೆ ಅಡ್ಡ ಬಂದವರನ್ನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ಗೊತ್ತಿಲ್ಲದಿದ್ದರೆ ಗಾಡಿ ನಿಲ್ಲಿಸಿ ಕೇಳಿ ತಿಳಿದುಕೊಂಡು, ಆಮೇಲೆ ಕರೆಯುತ್ತಿದ್ದರು! “ಪ್ಯಾಂ ಪ್ಯಾಂ ಅಂತ ಓಡಸಲಿಕ್ಕ ಅವರೇನು ದನಾ ಏನು? ಹೆಸರಿಟ್ಟೋರು ಕರೀಲಿ ಅಂತನೇ ಇಟ್ಟಿರ್ತಾರ.” ಸಂಜೆ ಹೊರಡುವ ಮುನ್ನ ಗಾಡಿಯ ದೀಪ ಹಚ್ಚಿ, ಮುಂದೆ ನಿಂತು ಎರಡೂ ಕಣ್ಣುಗಳಿಗೆ ಕೈಮುಗಿಯುತ್ತಿದ್ದರು. ಮರಳಿ ಬಂದ ಕೂಡಲೇ ರೇಡಿಯೇಟರಿಗೆ ನೀರು ಹನಿಸಿ, ಬಾನೆಟ್ಟಿನೊಳಗೆ ಕೈಯಾಡಿಸಿ, “ನೊಗ ಇಳಸೀನಿ, ಇನ್ನ ಮಲಕೋ ನಮ್ಮಪ್ಪ” ಎಂದು ಹೇಳಿ, ಆಮೇಲೆಯೇ ತಾವು ನೀರು ಕುಡಿಯುತ್ತಿದ್ದರು. ಇದನ್ನು ನಾನು ಒಂದು ಅಲಂಕಾರದ ಮಾತೆಂದು ತಿಳಿದು ಮೆಚ್ಚಿಕೊಂಡಿದ್ದೆ.

ಪ್ರತಿ ಸಂಜೆ ಎಲ್ಲಿಗೆ ಹೋಗುತ್ತೀರಿ ಎಂದರೆ ಒಂದೇ ಉತ್ತರ: “ಗಾಳಿ ತಿಂದು ಬರ್ತೀನಿ.” ಆ ಹೊತ್ತಿಗೆ ನನಗೆ ಮಹಿಳೆಯರ ಉದ್ಧಾರವಿರುತ್ತಿದ್ದುದರಿಂದ ಹೆಚ್ಚು ಕೇಳಲು ವೇಳೆ ಇರಲಿಲ್ಲ.

ಈ ಗಾಡಿಯ ಮೇಲೆ ಅತ್ತೆಯ ಮೈದುನನ ಕಣ್ಣು ಬಿತ್ತು. ಅವರು ಚಿಂಚೋಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಗಾಡಿ ಬೇಕಾದದ್ದು ಓಡಿಸುವುದಕ್ಕಲ್ಲ. ಅದರ ಎಂಜಿನನ್ನು ಕಿತ್ತು ಗಿರಣಿಗೆ ಜೋಡಿಸುವುದಕ್ಕೆ! ಅಣ್ಣನ ನೆನಪಿನ ಗುಂಡಿಗೆಯನ್ನು ಕಿತ್ತು ಅದರಿಂದ ಜೋಳ ಬೀಸುವ ಈ ಯೋಜನೆಯನ್ನು ಏನೆಂದು ಕರೆಯೋಣ? ದರೋಡೆ ಎಂದರೆ ದರೋಡೆಕೋರರು ಬೇಸರಪಟ್ಟುಕೊಂಡಾರು.

“ವೈನಿ, ಹೆಣ್ಣಮಕ್ಕಳಿಗೆ ಮೋಟಾರು ಯಾಕ ಬೇಕ್ರಿ? ಎಲ್ಲಿಗೆ ಹೋಗಬೇಕಾಗ್ಯದ ನಿಮಗ?”

“ಗಾಳಿ ತಿನಲಿಕ್ಕ.”

“ಗಾಳಿ ಮನ್ಯಾಗ ಬರಂಗಿಲ್ಲೇನು?”

“ಬರ್ತದ. ನೀವು ಬಂದಾಗಷ್ಟೇ ನಿಂತುಬಿಡ್ತದ ನೋಡ್ರಿ.”

ಮಾತಿನಲ್ಲಿ ಗೆಲ್ಲಲಾರದ ಮೈದುನ ಬೇರೆ ದಾರಿ ಹಿಡಿದರು. ಆ ದಿನಗಳಲ್ಲಿ ಅತ್ತೆಯ ಗಾಡಿಯ ಮುಂದಿನ ದೀಪಗಳು ಮೇಲಿಂದ ಮೇಲೆ ಸುಟ್ಟುಹೋಗಲಾರಂಭಿಸಿದ್ದವು. ಹೊಸ ಬಲ್ಬು ಹಾಕಿದರೆ ಕೆಲವು ಸಂಜೆ ಉರಿಯುವುದು, ಮತ್ತೆ ಕಪ್ಪಾಗುವುದು. ಕುರುಡು ಗಾಡಿಯಿಂದ ಯಾರಾದರೂ ಸತ್ತಾರೆಂದು ಮೈದುನ ಗುಲ್ಲೆಬ್ಬಿಸಿ, ಮಾವನ ಹಳೆಯ ಗೆಳೆಯರಾದ ಹಕೀಮ ಸಾಹೇಬರ ಮುಂದೆ ವ್ಯಾಜ್ಯ ಒಯ್ದರು. ಹಕೀಮರು ಇಬ್ಬರ ಮಾತನ್ನೂ ಕೇಳಿ, ಗಡ್ಡ ಸವರಿ ತೀರ್ಪು ಕೊಟ್ಟರು:

“ಕತ್ತಲಾದ ಮ್ಯಾಲ ದೀಪ ಇಲ್ದಂಗ ಈ ಗಾಡಿ ರಸ್ತಾದಾಗ ಕಂಡ್ರ ಚಾವಿ ಮೈದುನನ ಕೈಗೆ. ತೊಗರಿ ರಾಶಿ ಮುಗಿಯೋತನಕ ದೀಪ ಬರಾಬರ್ ಉರದ್ರ ಗಾಡಿ ಹಮೇಶಾ ಬಾಯಾರ್ದು. ಆಮ್ಯಾಲ ಯಾರೂ ತಕರಾರ್ ಮಾಡಬಾರ್ದು.”

ನಾನು ಎದ್ದು ನಿಂತೆ. “ಹೆಂಗಸಿನ ಗಾಡಿಗೆ ಮಾತ್ರ ಈ ಶರತ್ತು ಯಾಕೆ? ಇದು ತಾರತಮ್ಯ!”

ಹಕೀಮರು ನನ್ನನ್ನು ಕರುಣೆಯಿಂದ ನೋಡಿದರು. “ಮಗಳ, ಗಂಡಸ್ರ ಗಾಡೀಗೂ ದೀಪ ಬೇಕಾಗ್ತದವ್ವ.”

ಅಲ್ಲಿಂದ ನಮ್ಮ ಬಲ್ಬಿನ ಹೋರಾಟ ಆರಂಭವಾಯಿತು. ಓದುಗರೇ, ಒಂದು ಗಾಜಿನ ಬುರುಡೆಯೊಳಗೆ ಎಷ್ಟು ಅನ್ಯಾಯಗಳು ಅಡಗಿರಬಲ್ಲವು ಎಂಬುದನ್ನು ನಾನು ಆಗ ತಿಳಿದೆ! ನಮ್ಮ ಊರಿನ ಅಂಗಡಿಯ ಸೇಠರು ಗಲ್ಲೆಯ ಪಕ್ಕದಲ್ಲಿದ್ದ ಬ್ಯಾಟರಿಗೆ ಬಲ್ಬನ್ನು ತಾಗಿಸಿ ತೋರಿಸುತ್ತಿದ್ದರು. ಅಲ್ಲಿ ಅದು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಮನೆಗೆ ಬಂದು ಕೆಲವು ದಿನಗಳಲ್ಲಿ, ಪುಣ್ಯಕ್ಕೆ ಮೈದುನನ ಕಡೆಯವರ ಕಣ್ಣಿಗೆ ಬೀಳದ ಹೊತ್ತಿನಲ್ಲಿ, ಸಾಯುತ್ತಿತ್ತು. ಮರಳಿ ಒಯ್ದರೆ ಸೇಠರದು ಒಂದೇ ಮಾತು: “ಇಲ್ಲಿ ಉರೀತೋ ಇಲ್ಲೋ? ಅಂಗಡಿ ಪಾವಟಿಗಿ ಇಳದ ಮ್ಯಾಲ ನಿಮ್ಮ ನಸೀಬ.”

ಒಂದು ವಸ್ತುವಿನ ಗುಣ ಅಂಗಡಿಯ ಮೆಟ್ಟಿಲಿನವರೆಗೆ ಮಾತ್ರ ಇರುವುದಾದರೆ, ಗ್ರಾಹಕರು ಮೆಟ್ಟಿಲಿನ ಮೇಲೆಯೇ ಸಂಸಾರ ಹೂಡಬೇಕೇ? ನಾನು ಕೇಳಿದೆ. ಸೇಠರು ನನ್ನನ್ನು ಬಿಟ್ಟು ಅತ್ತೆಯತ್ತ ತಿರುಗಿದರು.

“ಬಾಯಾರ, ಮಶೀನಿನ ಮಾತು ನಿಮಗ ತಿಳಿಯಂಗಿಲ್ಲ. ಯಾರನ್ನರ ಗಂಡಸ್ರನ್ನ ಕಳಸ್ರಿ.”

“ಯಾಕ್ರಿ ಸೇಠರ, ಬಲ್ಬು ಗಂಡಸ್ರನ್ನ ನೋಡಿದ್ರಷ್ಟೇ ಕಣ್ಣ ತೆರೀತದೇನು?” ಎಂದರು ಅತ್ತೆ. ಆಮೇಲೆ, ನನಗೆ ತಡೆಯಲಾಗದ ದುಃಖವಾಗುವಂತೆ, ಸೇಠರು ಹೇಳಿದ ಬೆಲೆಗೇ ಇನ್ನೊಂದು ಜೊತೆ ಕೊಂಡರು. ಚೌಕಾಸಿ ಮಾಡಬಾರದೇ ಎಂದರೆ, “ಹಗ್ಗಾ ಜಗ್ಗಿ ತಂದ ದೀಪ ಸಿಟ್ಟಿಗೇಳ್ತದ. ನಿನ್ನಂಗ” ಎಂದರು.

ಸಹಿಸುವುದಕ್ಕೂ ಒಂದು ಮಿತಿ ಇದೆ. ನಾನು ಅಂಗಡಿಯ ಮುಂದಿನ ಫರಸಿ ಕಟ್ಟೆಯನ್ನು ಏರಿದೆ. ಕಳಪೆ ಸರಕು ಮಾಡುವವನ ದುರಾಸೆ, ಅದನ್ನು ಕಣ್ಣು ಮುಚ್ಚಿ ಮಾರುವವನ ಉದಾಸೀನ, ಅಳೆದು ನೋಡಬೇಕಾದ ಅಧಿಕಾರಿಗಳ ನಿದ್ದೆ, ಹೆಂಗಸು ಪ್ರಶ್ನೆ ಕೇಳಿದರೆ ಗಂಡಸನ್ನು ಕರೆ ಎನ್ನುವ ಸಮಾಜದ ಪೊಗರು, ಯಾವುದನ್ನೂ ಬಿಡದೆ ಹೆಸರಿಸಿದೆ. ಜನ ಸೇರಿದರು. ಕಲ್ಲು ಹೊಡೆಯುವವರು, ಮಿರ್ಚಿ ಭಜಿಯವರು, ರೇಲ್ವೆಯವರು ಎಲ್ಲರೂ ಗಂಭೀರವಾಗಿ ತಲೆದೂಗಿದರು. ಕ್ರಾಂತಿಯ ಬೀಜ ಬಿದ್ದಿತೆಂದು ನನ್ನ ಕಣ್ಣು ತೇವಗೊಂಡಿತು. ಆಗ ಹಿಂದಿನಿಂದ ಒಬ್ಬ ಮುದುಕ ಕೈ ಎತ್ತಿ ಆಶ್ವಾಸನೆ ಕೊಟ್ಟ: “ಚಿಂತಿ ಮಾಡಬ್ಯಾಡ್ರಿ ಬಾಯಾರ, ನಮ್ಮ ಮನೀ ಓಟೆಲ್ಲಾ ಬಲ್ಬಿನ ಚಿಹ್ನೀಗೇ!”

ಊರು ಬದಲಾಯಿಸಿದರೆ ನ್ಯಾಯ ಸಿಗಬಹುದೆಂದು ವಾಡಿಗೆ ಹೋದೆವು. ಅಲ್ಲಿನ ಅಂಗಡಿಯವನು ಸಿಮೆಂಟಿನ ಬಿಳಿ ಧೂಳು ಕೂತ ಹುಬ್ಬನ್ನು ಏರಿಸಿ, “ಬಲ್ಬಿಂದೇನೂ ತಪ್ಪಿಲ್ರಿ, ಧೂಳಿನ ತಪ್ಪು” ಎಂದ. ಸೇಡಂನವನು, “ರಸ್ತಾದ ತಪ್ಪು. ಈ ತಗ್ಗು ಕುಣಿಗೋಳಿಗೆ ನಮ್ಮ ಹಲ್ಲೇ ಅಳ್ಳಾಡ್ತಾವ, ಬಲ್ಬಿನೊಳಗಿನ ತಂತಿ ಪಾಡೇನು?” ಎಂದ. ಮೈದುನನ ಊರು ಚಿಂಚೋಳಿಯಿಂದ ಬಂದ ಅಭಿಪ್ರಾಯ ಇನ್ನೂ ವೈಜ್ಞಾನಿಕವಾಗಿತ್ತು: “ಹೆಂಗಸ್ರ ಕೈ ಬಿಸಿ ಇರ್ತದ. ಬಲ್ಬಿಗೆ ತಡ್ಯಂಗಿಲ್ಲ.” ದಿನವೂ ಕೆಂಪು ಹಂಚಿನ ಮೇಲೆ ರೊಟ್ಟಿ ತಿರುವುವ ಕೈ ಬಿಸಿ ಇರದೆ ತಣ್ಣಗಿರುತ್ತದೆಯೇ? ಆ ಬಿಸಿ ಕೈಯ ರೊಟ್ಟಿಯನ್ನು ಅವರೆಲ್ಲರ ಹೊಟ್ಟೆ ಹೇಗೆ ತಡೆದುಕೊಂಡಿತು?

ಬಲ್ಬು ಸಿಗದ ಒಂದು ವಾರ ಅತ್ತೆ ಮಾಡಿದ ಉಪಾಯ ಊರಿಗೇ ಮನರಂಜನೆಯಾಯಿತು. ಸತ್ತ ದೀಪಗಳ ಮುಂದೆ ಎರಡು ಕಂದೀಲು ಕಟ್ಟಿಕೊಂಡು ಹೊರಟರು. ಮೋಟಾರಿನ ವೇಗಕ್ಕೆ ಕಂದೀಲು ಆರಿಹೋಗುವುದಿಲ್ಲವೇ ಎಂದು ಕೇಳಬೇಡಿ; ಅತ್ತೆಯ ವೇಗಕ್ಕೆ ಊದುಬತ್ತಿಯ ಹೊಗೆಯೂ ಬಾಗುತ್ತಿರಲಿಲ್ಲ. ಸುದ್ದಿ ತಿಳಿದ ಮೈದುನ ಬಸ್ಸು ಹಿಡಿದು ಓಡಿಬಂದರು. “ಹಕೀಮ ಸಾಬ್, ಶರತ್ತು ಮುರೀತು! ಚಾವಿ ಕೊಡಸ್ರಿ!”

ಹಕೀಮರು ಬಹಳ ಹೊತ್ತು ಯೋಚಿಸಿದರು. “ನಾ ದೀಪ ಅಂದಿದ್ದೆ. ಬಲ್ಬು ಅಂದಿದ್ದಿಲ್ಲ. ಕಂದೀಲು ದೀಪ ಹೌದೋ ಅಲ್ಲೋ?”

“ಹೌದು, ಆದ್ರ...”

“ಆದ್ರ ಏನು? ಮುಂದಿನ ಸಲ ಬಲ್ಬು ಅಂತೀನಿ ತಗೋ. ಚಹಾ ಕುಡಿ.”

ಹೀಗೆ ಶರತ್ತು ತಿದ್ದುಪಡಿಯಾಯಿತು: ಇನ್ನು ಮೇಲೆ ಗಾಡಿಯ ಸ್ವಂತ ದೀಪಗಳೇ ಉರಿಯಬೇಕು. ಕಂದೀಲುಗಳು ಹಿಂದಿನ ಡಿಕ್ಕಿ ಸೇರಿದವು. ಅತ್ತೆ ಮತ್ತೆ ಹೊಸ ಬಲ್ಬು ಹಾಕಿಸಿ, ಮತ್ತೆ ಕೈಮುಗಿದು, ಮತ್ತೆ ಸಂಜೆಗೊಮ್ಮೆ ಗಾಳಿ ತಿನ್ನಲು ಹೊರಟರು. ಹೊಲಗಳಲ್ಲಿ ತೊಗರಿ ಒಣಗಿ ಗಿಲಕಿಯಂತೆ ಸದ್ದು ಮಾಡತೊಡಗಿತು. ರಾಶಿ ಮುಗಿಯಲು ಬಂತು. ಇನ್ನು ಕೆಲವೇ ಸಂಜೆಗಳು ದೀಪ ಉರಿದರೆ ಗಾಡಿ ಉಳಿಯುತ್ತಿತ್ತು.

ಆಗ ಮೈದುನ ಖುದ್ದಾಗಿ ಬಂದು ಕೂತರು. “ಇವತ್ತ ನಾನೂ ಗಾಳಿ ತಿನಲಿಕ್ಕ ಬರ್ತೀನಿ ವೈನಿ.” ಆ ಸಂಜೆ ನಮ್ಮ ಮಂಡಳದ ಸಭೆಗೆ ಕಾರ್ಯದರ್ಶಿಯಾದ ನಾನೊಬ್ಬಳೇ ಹಾಜರಾದುದರಿಂದ ಸಭೆಯನ್ನು ಮುಂದೂಡಿ ಬಂದಿದ್ದೆ. ಶತ್ರುವಿನ ಮೇಲೆ ಕಣ್ಣಿಡಲು ನಾನೂ ಹತ್ತಿದೆ. ಮೈದುನ ಹಿಂದಿನ ಸೀಟಿನಲ್ಲಿ, ನಾನು ಮುಂದೆ.

“ಜರಾ ಜೋರ ಬಿಡ್ರಿ ವೈನಿ. ಎಮ್ಮಿ ಮುಂದ ಹೊಂಟದ.”

“ಎಮ್ಮೀಗೆ ಮನ್ಯಾಗ ಕೆಲಸ ಇರ್ತದ.”

ಗಾಡಿ ಊರು ದಾಟಿ ಕಲ್ಲಿನ ಖಣಿಗಳ ಕಡೆ ಹೊರಳಿತು. ಹೊತ್ತು ಮುಳುಗಿತ್ತು. ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಮಳೆಯ ನೀರು ಕಪ್ಪಗೆ ನಿಂತಿತ್ತು. ಅವುಗಳ ಅಂಚಿನಲ್ಲಿಯೇ ಕಾಲುದಾರಿಗಿಂತ ತುಸು ಅಗಲವಾದ ಬಂಡಿಯ ದಾರಿ. ಖಣಿಯ ಬಾಯಿಯಲ್ಲಿ ಹೆಂಗಸರ ಒಂದು ಗುಂಪು ಕಾಯುತ್ತಿತ್ತು. ತಲೆಯ ಮೇಲೆ ಬುಟ್ಟಿ, ಕೆಲವರ ಬಗಲಲ್ಲಿ ಕೂಸು, ಮೈಯೆಲ್ಲ ಕಲ್ಲಿನ ಹುಡಿ. ಕೆಲಸ ಬಿಟ್ಟು ಹೊಂಡಗಳ ಆಚೆಯ ತಮ್ಮ ಗುಡಿಸಲುಗಳಿಗೆ ಹೊರಟವರು. ಅತ್ತೆ ದೀಪ ಹಚ್ಚಿದರು. ಯಾರೂ ಗಾಡಿಯ ಬಾಗಿಲಿಗೆ ಬರಲಿಲ್ಲ. ಎಲ್ಲರೂ ಗಾಡಿಯ ಮುಂದೆ, ಬೆಳಕಿನೊಳಗೆ ಬಂದು ನಿಂತರು. ಅವರು ನಡೆಯತೊಡಗಿದರು, ಅವರ ಹಿಂದೆ, ಅವರ ಹೆಜ್ಜೆಯ ವೇಗದಲ್ಲಿ, ಮೊದಲನೆಯ ಗೇರಿನಲ್ಲಿ, ಅತ್ತೆಯ ಮೋಟಾರು.

ನಾನು ಅತ್ತೆಯತ್ತ ತಿರುಗಿದೆ. “ಅತ್ತೀ, ಅವರನ್ನ ಗಾಡ್ಯಾಗೇ ಕೂಡಿಸಿಕೋಬಾರದೇನು?”

“ಗಾಡ್ಯಾಗ ನಾಕೈದು ಮಂದಿ ಹಿಡೀತಾರ. ಬೆಳಕಿನಾಗ ಎಲ್ಲಾರೂ ಹಿಡೀತಾರ.”

“ಈ ದಾರಿಗೆ ದೀಪ ಹಾಕಿಸೋದು ಖಣಿ ಮಾಲಕನ ಕರ್ತವ್ಯ! ನನಗೆ ಯಾಕೆ ಹೇಳಲಿಲ್ಲ? ಇದು...”

“ಇದಕ್ಕೇ ಹೇಳಲಿಲ್ಲ. ನೀ ಕಟ್ಟಿ ಏರಿ ಕೂಗ್ತಿ. ಮಾಲಕ ನಿನಗೇನೂ ಮಾಡಂಗಿಲ್ಲ; ಇವರ್ನ ಕೆಲಸದಿಂದ ತಗೀತಾನ. ಕೂಗಬ್ಯಾಡ ಅನ್ನಂಗಿಲ್ಲ ಅವ್ವ. ಮೊದಲ ಇವರ್ನ ಕೇಳು, ಆಮ್ಯಾಲ ಕೂಗು.”

ಎಲ್ಲಕ್ಕಿಂತ ದೊಡ್ಡ ಹೊಂಡದ ತಿರುವಿಗೆ ಬಂದಾಗ ಗಾಡಿ ಒಂದು ಕಲ್ಲು ಹತ್ತಿ ಇಳಿಯಿತು. ದೀಪಗಳೆರಡೂ ಒಮ್ಮೆಲೇ ಹಾಲಿನಂತೆ ಬೆಳ್ಳಗೆ ಹೊಳೆದು, ಸತ್ತವು.

ಮುಂದೆ ಒಬ್ಬ ಹೆಂಗಸು ಚೀರಿದಳು. ಅತ್ತೆ ಗಾಡಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಯಾರೂ ಹೆಜ್ಜಿ ಕೀಳಬ್ಯಾಡ್ರಿ! ನಿಂತಲ್ಲೇ ನಿಂದರ್ರಿ!” ಆಮೇಲೆ ಒಂದೊಂದೇ ಹೆಸರು ಕರೆಯತೊಡಗಿದರು.

“ಮರೆಮ್ಮಾ!”

“ಓ ಅಕ್ಕಾ!”

“ರಜಿಯಾ!”

“ಇಲ್ಲೇ ಅದೀನ್ರಿ ಆಪಾ!”

“ಭೀಮವ್ವಾ!”

“ಓ!”

ಹೆಸರುಗಳು ಕತ್ತಲಲ್ಲಿ ಹೋಗಿ, ದನಿಗಳಾಗಿ ಮರಳುತ್ತಿದ್ದವು. ಕೊನೆಗೆ ಅತ್ತೆ ಕರೆದರು: “ಶರಣಮ್ಮಾ!”

ಯಾರೂ ಓಗೊಡಲಿಲ್ಲ.

ಮೈದುನ ಗಾಬರಿಯಾಗಿ ಬಾಗಿಲು ತೆರೆದು ಜಿಗಿದರು. “ಆಕಿ ಎಲ್ಲಿ? ಆಕಿ ಯಾಕ ಓ ಅನವಲ್ಲಳು? ಏ ತಂಗೀ!”

ಕತ್ತಲೊಳಗಿನ ಒಂದು ದನಿ ಹೇಳಿತು: “ಆಕಿ ಹ್ವಾದ ಮಳಿಗಾಲದಾಗ ಇದೇ ಹೊಂಡಕ್ಕ ಬಿದ್ದು ಹ್ವಾದಳ್ರಿ. ಹಿಂಗೇ ಕತ್ತಲಿತ್ತು. ಅಕ್ಕಾವ್ರು ದಿನಾ ಕರೀತಾರ.”

ಯಾರ ಹೆಸರು ಹಿಡಿದು ಕೂಗಬೇಕೆಂಬುದು ನನಗೆ ಅಂದು ತಿಳಿದಷ್ಟು ಸ್ಪಷ್ಟವಾಗಿ ಎಂದೂ ತಿಳಿದಿರಲಿಲ್ಲ. ಆದರೆ ಇವರನ್ನು ಇನ್ನೂ ಕೇಳಿರಲಿಲ್ಲ.

ಮೈದುನ ಡಿಕ್ಕಿಯಿಂದ ಕಂದೀಲು ತೆಗೆದು ಹಚ್ಚಿದರು. ಗಿರಣಿಯ ಎಂಜಿನಿನೊಡನೆ ಬದುಕಿದ ಮನುಷ್ಯ. ಬಾನೆಟ್ಟು ಎತ್ತಿ ಬೆಳಕು ಹಿಡಿದು ನೋಡಿದ ಕೂಡಲೇ ಕೇಳಿದರು. “ವೈನಿ, ಬ್ಯಾಟರಿ ತಂತಿ ಹಿಂಗ ಸಡ್ಲ ಯಾರು ಬಿಟ್ಟಾರ?”

“ನಾನೇ. ದಿನಾ ಮನೀಗೆ ಬಂದ ಮ್ಯಾಲ ಬಿಚ್ಚತೀನಿ, ಹೊರಡೋ ಮುಂದ ಹಚ್ಚತೀನಿ. ದಣಿದ ಎತ್ತಿನ ನೊಗ ಇಳಸದ ಊಟಕ್ಕ ಕುಂದರಬಾರದು ಅಂತ ನಿಮ್ಮಣ್ಣ ಹೇಳತಿದ್ರಲ್ಲ?”

“ಪಾನಾ ಹಾಕಿ ನಟ್ಟು ಬಿಗೀತೀರಿಲ್ಲೋ?”

“ನೊಗದ ಹಗ್ಗಕ್ಕ ಪಾನಾ ಯಾರು ಹಾಕ್ತಾರ? ಕೈಲೇ ಸಿಗಸ್ತೀನಿ.”

ಮೈದುನ ಹಣೆ ಹಿಡಿದುಕೊಂಡರು. ತಂತಿ ಸಡಿಲಿದ್ದು ಗಾಡಿ ಜಿಗಿದಾಗ, ಬ್ಯಾಟರಿಗೆ ಹೋಗಬೇಕಾದ ಡೈನಮೋದ ಕರೆಂಟು ಅಷ್ಟೂ ಬಲ್ಬಿಗೆ ನುಗ್ಗಿ ಅದನ್ನು ಸುಡುತ್ತದಂತೆ. ಧೂಳಿನ ತಪ್ಪಲ್ಲ, ರಸ್ತೆಯ ತಪ್ಪಲ್ಲ, ಬಿಸಿ ಕೈಯ ತಪ್ಪಂತೂ ಅಲ್ಲವೇ ಅಲ್ಲ. ಆದರೂ ಸೇಠರ ಮೇಲಿನ ನನ್ನ ಆರೋಪಗಳಲ್ಲಿ ಒಂದನ್ನೂ ನಾನು ಹಿಂತೆಗೆದುಕೊಂಡಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ!

ಆ ಸಂಜೆ ಗಾಡಿಯನ್ನು ತಿರುವಿನಲ್ಲೇ ಬಿಟ್ಟು, ಚಿಂಚೋಳಿಯ ಗಿರಣಿಯ ಮಾಲಕರು ಎರಡೂ ಕೈಯಲ್ಲಿ ಕಂದೀಲು ಹಿಡಿದು ಮುಂದೆ ನಡೆದರು, ಹೆಂಗಸರು ಅವರ ಹಿಂದೆ. ಗುಡಿಸಲುಗಳು ಬಂದ ಮೇಲೆ ಅತ್ತೆ ಸೊಂಟದಿಂದ ಚಾವಿ ತೆಗೆದು ಅವರ ಅಂಗೈಯಲ್ಲಿಟ್ಟರು. “ಶರತ್ತು ಶರತ್ತೇ.” ಅವರು ಅದನ್ನು ಜೇಬಿಗೆ ಹಾಕಿಕೊಂಡರು! ಮರುದಿನವಿಡೀ ನಾನು ಆ ಮನುಷ್ಯನ ವಿರುದ್ಧ ಒಂದು ಉಗ್ರ ಭಾಷಣವನ್ನು ಸಿದ್ಧಪಡಿಸಿದೆ. ಅತ್ತೆ ಡಿಕ್ಕಿಯ ಕಂದೀಲುಗಳ ಗಾಜು ಒರೆಸಿ, ಎಣ್ಣೆ ತುಂಬಿ, ನಡೆದುಕೊಂಡೇ ಖಣಿಗೆ ಹೊರಡಲು ಚಪ್ಪಲಿ ಮೆಟ್ಟಿದರು.

ಬಾಗಿಲಲ್ಲಿ ಮೈದುನ ನಿಂತಿದ್ದರು. ಗಾಡಿಗೆ ಹೊಸ ಬಲ್ಬುಗಳು ಬಿದ್ದಿದ್ದವು. ಚಾವಿಯ ದಾರಕ್ಕೆ ಒಂದು ಚಿಕ್ಕ ಪಾನಾ ಕಟ್ಟಿತ್ತು.

“ತಗೋರಿ ವೈನಿ.”

“ಹ್ಯಾಂಗ ತಗೊಳ್ಳಿ? ನಾ ಸೋತೀನಿ. ಗಾಡಿ ನಿಮ್ದು.”

“ಹೌದು, ನಂದೇ. ನನ್ನ ಗಾಡಿ ನಾ ಯಾರಿಗೆ ಬೇಕಾದ್ರ ಕೊಡ್ತೀನಿ. ನಡೀರಿ, ಹೊತ್ತು ಮುಳಗ್ಲಿಕತ್ತದ.”

ನನ್ನ ಭಾಷಣ ಹಾಗೆಯೇ ಉಳಿಯಿತು. ಅತ್ತೆ ದೀಪಕ್ಕೆ ಕೈಮುಗಿದರು. ಮೈದುನ ಹಿಂದಿನ ಸೀಟಿನಲ್ಲಿ ಕೂತರು. ದೊಡ್ಡ ಹೊಂಡದ ತಿರುವಿನಲ್ಲಿ ಅತ್ತೆ ಗಾಡಿ ನಿಲ್ಲಿಸಿ ಹೆಸರುಗಳನ್ನು ಕರೆದರು. ಬೆಳಕಿನೊಳಗಿಂದ ಒಬ್ಬೊಬ್ಬರೇ ಓಗೊಟ್ಟರು. ಕೊನೆಯ ಹೆಸರನ್ನೂ ಕರೆದರು. ಉತ್ತರ ಬರುವಷ್ಟು ಹೊತ್ತು ಕಾದರು. ಆಮೇಲೆ ಗೇರು ಹಾಕಿದರು.

ಹಿಂದಿನ ಸೀಟಿನಿಂದ ಮೈದುನ ತಗ್ಗಿದ ದನಿಯಲ್ಲಿ ಹೇಳಿದರು: “ಸಾವಕಾಶ ಹೋಗ್ರಿ, ವೈನಿ.”